ಅಕ್ಕನನ್ನು ದಾಟುವ ಮೊದಲು

ಆಸ್ಪತ್ರೆಯ ವಸತಿ
೧೨ ಮಾರ್ಚ್ ೧೯೯೫

ಯಾಯುಕ್,

ನಿನಗೆ ನನ್ನ ಪರಿಚಯವಿಲ್ಲ. ನಾನು ಸುಮಿರಾ, ಸೋಲೋ ಊರಿನವಳು, ಬಟ್ಟೆಯ ಮೇಲೆ ಮೇಣದಿಂದ ಬಾಟಿಕ್ ಬರೆಯುವವಳು. ನನಗೆ ಐವತ್ತಾರು, ನಿನಗೆ ಇಪ್ಪತ್ತೊಂಬತ್ತು ಅಂತ ನಿನ್ನಕ್ಕ ಹೇಳಿದಳು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಒಂದು ಕಲಾಸಂಸ್ಥೆಯವರು ನನ್ನನ್ನು ಹತ್ತು ತಿಂಗಳ ಮಟ್ಟಿಗೆ ಈ ಮಾನಸಿಕ ಆಸ್ಪತ್ರೆಗೆ ಕಳಿಸಿದ್ದಾರೆ. ನರ್ಸುಗಳ ವಸತಿಯಲ್ಲೇ ಇದ್ದುಕೊಂಡು ನನ್ನ ಕೆಲಸ ನಾನು ಮಾಡಬೇಕು, ರೋಗಿಗಳು ಮನಸ್ಸಿದ್ದರೆ ಜೊತೆಗೆ ಕೂರಬಹುದು. ಕೇಳಲು ಚೆನ್ನಾಗಿದೆ. ಇಲ್ಲಿ ನಾನು ಮೇಣ ಕಾಯಿಸುವ ಒಲೆ ಹಚ್ಚಿದರೆ ಸಾಕು, ಕಾವಲುಗಾರ ಬಕೆಟ್ ನೀರು ಹಿಡಿದು ಪಕ್ಕದಲ್ಲೇ ನಿಲ್ಲುತ್ತಾನೆ. ಅವನಿಗೂ ಬೇಜಾರು, ನನಗೂ ಬೇಜಾರು. ಆಸ್ಪತ್ರೆಯ ನಿರ್ದೇಶಕರಿಗೆ ಸಭಾಂಗಣಕ್ಕೊಂದು ಪರದೆ ಬೇಕಂತೆ, ಅದರ ಮೇಲೆ ನಗುವ ಸೂರ್ಯ ಇರಬೇಕಂತೆ. ಇಷ್ಟು ವರ್ಷ ಬರೆದಿದ್ದೇನೆ, ಸೂರ್ಯನಿಗೆ ಹಲ್ಲು ಇಟ್ಟವಳಲ್ಲ ನಾನು.

ನಿನ್ನಕ್ಕ ದಾರ್ಸಿ ಮೊದಲ ದಿನದಿಂದ ನನ್ನ ಪಕ್ಕದ ಮಣೆ ಬಿಟ್ಟಿಲ್ಲ. ದೊಡ್ಡ ಚಿತ್ರ ಬೇಡ, ಚುಕ್ಕಿ ಇಡೋ ಕೆಲಸ ಕೊಡಿ ಅಂತಾಳೆ. ನಾನು ಹಕ್ಕಿ ಬರೆದರೆ ಅವಳು ಅದರ ಹೊಟ್ಟೆ ತುಂಬ ಚುಕ್ಕಿ ತುಂಬುತ್ತಾಳೆ. ನಡುವೆ, ಅಮ್ಮನನ್ನು ಕರೆದ ಹಾಗೆ 'ಬು' ಅನ್ನುತ್ತಲೇ ನನಗೆ ಬೈಗುಳ. "ಬು, ನಿಮ್ಮ ಹಕ್ಕಿಗೆ ಕತ್ತೇ ಇಲ್ವಲ್ಲ, ಪಾಪ, ಎಂಜಲು ಹೆಂಗೆ ನುಂಗತ್ತೆ?" ಅಂತಾಳೆ. ಅಕ್ಷರ ಬರೆಯೋಕೆ ಹೋದರೆ ಮಾತ್ರ ಅವಳ ಕೈ ನಡುಗುತ್ತದೆ. "ನೀವೇ ಬರೀರಿ, ನಿಮ್ಮ ಕೈಬರಹ ದುಂಡಗಿದೆ" ಅಂದಳು. ಅದಕ್ಕೇ ಈ ಪತ್ರ.

ಮೊನ್ನೆ ಉಪವಾಸದ ತಿಂಗಳು ಮುಗಿದ ಲೆಬಾರಾನ್ ಹಬ್ಬಕ್ಕೆ ಒಂದಷ್ಟು ಜನರ ಮನೆಯವರು ಕೆತುಪಾತ್ ಕಡುಬು, ಕೋಳಿಸಾರು ಹಿಡಿದು ಬಂದರು. ದಾರ್ಸಿ ತಲೆಗೆ ಸ್ನಾನ ಮಾಡಿ, ಒಗೆದ ಕುಪ್ಪಸ ಹಾಕಿಕೊಂಡು ಬೆಳಿಗ್ಗೆಯಿಂದ ಗೇಟಿನ ಬಳಿ ಕೂತಿದ್ದಳು. ಸಂಜೆ ಎದ್ದು ಬಂದು "ಬಸ್ಸು ಸಿಕ್ಕಿರಲಿಕ್ಕಿಲ್ಲ" ಅಂದಳು.

ಡಾಕ್ಟರ್ ಹೇಳುವ ಪ್ರಕಾರ ಅವಳು ಮನೆಗೆ ಹೋಗುವಷ್ಟು ಸುಧಾರಿಸಿ ವರ್ಷಗಳೇ ಆಗಿವೆ. ಮಾತ್ರೆ ತಪ್ಪಿಸದೆ ತಗೊಂಡರೆ ಆಯಿತು. ಆದರೆ ಮನೆಯವರು ಬಂದು ಸಹಿ ಹಾಕಿ ಕರೆದೊಯ್ಯಬೇಕು. ಇಲ್ಲಿಂದ ಎಷ್ಟು ಸಲ ಬರೆದರೂ ನಿಮ್ಮ ಮನೆಯಿಂದ ಜವಾಬೇ ಇಲ್ಲವಂತೆ. ಏನು ವಿಷಯ, ಒಂದು ಸಾಲು ಬರಿ.

ನಿನ್ನಕ್ಕನ ಪರವಾಗಿ,
ಸುಮಿರಾ


ಗೊಂಬೊಂಗ್
೨೪ ಮಾರ್ಚ್ ೧೯೯೫

ಬು ಸುಮಿರಾ ಅವರಿಗೆ ನಮಸ್ಕಾರ.

ದಯವಿಟ್ಟು ಇನ್ನು ಮುಂದೆ ಮನೆಗೆ ಬರೆಯಬೇಡಿ. ನಾನು ಪಾಠ ಹೇಳುವ ಶಾಲೆಯ ವಿಳಾಸ ಹಿಂಬದಿಯಲ್ಲಿದೆ. ನಿಮ್ಮ ಪತ್ರ ಮೊದಲು ಅಮ್ಮನ ಕೈಗೆ ಸಿಕ್ಕಿ ಎರಡು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಬರುವ ಬೆಸಾರ್ ತಿಂಗಳಲ್ಲಿ, ಮೇ ಹೊತ್ತಿಗೆ, ನನ್ನ ಮದುವೆ. ಹುಡುಗ ಸುಗೆಂಗ್, ಕುತೋಅರ್ಜೊ ಕಡೆಯವರು. ಇದಕ್ಕೆ ಮೊದಲು ಬಂದ ಎರಡು ಸಂಬಂಧ ಅಕ್ಕನ ವಿಷಯ ತಿಳಿದ ಮೇಲೆ ಮುರಿದುಬಿದ್ದವು. ಈ ಸಲ ಅಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ, ದೊಡ್ಡವಳು ತೀರಿಕೊಂಡಳು ಅಂತ. ನಾನು ಪಕ್ಕದಲ್ಲೇ ಕೂತಿದ್ದೆ. ಅಲ್ಲ ಅನ್ನಲಿಲ್ಲ.

ನನ್ನನ್ನು ಕೆಟ್ಟವಳು ಅಂದುಕೊಳ್ಳಿ, ಪರವಾಗಿಲ್ಲ. ಬೆಳಿಗ್ಗೆ ಶಾಲೆ, ಸಂಜೆ ಅಮ್ಮನ ಗೊಣಗಾಟ. ಎಲ್ಲರಿಗೂ ಒಳ್ಳೆಯವಳಾಗಿ ಸಾಕಾಗಿದೆ. ಮದುವೆಯ ವಿಷಯ ಅಕ್ಕನಿಗೆ ಹೇಳಬೇಡಿ. ಲೆಬಾರಾನ್ ದಿನ ಬಸ್ಸು ಸಿಗಲಿಲ್ಲ ಅಂತಲೇ ಹೇಳಿ.

ಇಂತಿ,
ಯಾಯುಕ್


ಆಸ್ಪತ್ರೆಯ ವಸತಿ
೫ ಏಪ್ರಿಲ್ ೧೯೯೫

ಯಾಯುಕ್,

ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. "ಅವಳು ಚೆನ್ನಾಗಿದ್ದಾಳೆ" ಅಂದೆ, ಅಷ್ಟೇ. ನಿನ್ನಕ್ಕ ಚುಕ್ಕಿ ಇಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅವಳಿಗೆ ಮದುವೆ ಗೊತ್ತುಮಾಡಿದ್ರಾ?" ಅಂದಳು. ನನಗೆ ಸುಳ್ಳು ಬರಲ್ಲ ಕಣೇ, ಕಿವಿ ಕೆಂಪಗಾಗಿಬಿಡುತ್ತದೆ. ಅವಳು ತಲೆ ಅಲ್ಲಾಡಿಸಿ, "ಹಂಗಾದ್ರೆ ನನ್ನ ಕೇಳೋಕೆ ಬರ್ಬೇಕು" ಅಂದಳು. ಕೋಪವಿಲ್ಲ ಗೀಪವಿಲ್ಲ. ನಾಳೆ ಬುಧವಾರ ಅನ್ನುವ ಹಾಗೆ ಹೇಳಿದಳು.

ನಮ್ಮಲ್ಲಿ ಅದು ಇದ್ದದ್ದೇ ತಾನೆ. ಮದುವೆಯಾಗದ ಅಕ್ಕನನ್ನು ತಂಗಿ ದಾಟಿ ಹೋಗುವಾಗ ಕಾಲಿಗೆ ಬಿದ್ದು ಒಪ್ಪಿಗೆ ಕೇಳಬೇಕು, ಅಕ್ಕ ಕೇಳಿದ ಕಾಣಿಕೆ ಕೊಡಬೇಕು. ಕೇಳದೆ ದಾಟಿದರೆ ಸಂಸಾರ ನೆಟ್ಟಗಿರಲ್ಲ ಅಂತಾರೆ. ನಾನು ಇದನ್ನೆಲ್ಲ ಅಷ್ಟಾಗಿ ನಂಬುವವಳಲ್ಲ. ನನ್ನ ತಂಗಿ ಕೇಳಿಯೇ ದಾಟಿದಳು, ಆದರೂ ಅವಳ ಗಂಡ ಓಡಿಹೋದ.

ಆದರೆ ಈ ವಾರ್ಡಿನಲ್ಲಿ ಈಗ ಅದೊಂದೇ ಮಾತು. ಹೆಂಗಸರೆಲ್ಲ ದಾರ್ಸಿಯನ್ನು ಸುತ್ತುವರಿದು ಏನು ಕೇಳಬೇಕು ಅಂತ ಪಾಠ ಹೇಳುತ್ತಿದ್ದಾರೆ.

"ಬಂಗಾರ ಕೇಳೇ, ಬಂಗಾರ."

"ಬಂಗಾರ ಇಟ್ಕೊಂಡು ಇಲ್ಲೇನು ಮಾಡ್ತಾಳೆ, ಕೊಚ್ಚಿ ಸಾರಿಗೆ ಹಾಕ್ತಾಳಾ? ರೇಡಿಯೊ ಕೇಳು."

"ಹಸು ಕೇಳು. ಗಬ್ಬದ ಹಸು."

"ನಿರ್ದೇಶಕರ ಹಾಸಿಗೆ ಮೇಲೆ ಕಟ್ಟಿಹಾಕೋಣ!"

ನಗು ಅಂದರೆ ನಗು. ಆ ಬಕೆಟ್ ಕಾವಲುಗಾರನೂ ನಕ್ಕ. ನಾನು ಬಂದು ಮೂರು ತಿಂಗಳಾಯಿತು, ಇಲ್ಲಿ ಇಂಥ ನಗು ಕೇಳಿರಲಿಲ್ಲ. ದಾರ್ಸಿ ಮಾತ್ರ ಮತ್ತೆ ಚುಕ್ಕಿ ಇಡತೊಡಗಿದಳು. ಏನು ಕೇಳಬೇಕು ಅನ್ನುವುದು ಅವಳಿಗೆ ಗೊತ್ತಿದೆ. ನನಗೂ ಗೊತ್ತಿದೆ, ನಿನಗೂ ಗೊತ್ತಿದೆ.

ನೀನು ಬರುವುದಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನೀನೇ ತಿಳಿಸು.

ಕೋಪವೂ ಕನಿಕರವೂ ಎರಡೂ ಇರುವ,
ಸುಮಿರಾ


ಗೊಂಬೊಂಗ್
೨೦ ಏಪ್ರಿಲ್ ೧೯೯೫

ಬು,

ಇದನ್ನು ಮಕ್ಕಳು ಹೊರಗೆ ಆಡುತ್ತಿರುವಾಗ ತರಗತಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ಹಿರಿಯರ ಸಮಾಧಿಗೆ ಹೂ ಹಾಕಿ ಬರುತ್ತೇವಲ್ಲ, ಅದಕ್ಕೆ ಹೊರಟಿದ್ದೆವು. ಸುಗೆಂಗ್ ಅವರ ತಾಯಿಯೂ ಬಂದರು. ಅಪ್ಪನ ಸಮಾಧಿಯಲ್ಲಿ ಪ್ರಾರ್ಥನೆ ಮುಗಿಯಿತು. ಅವರು ಬುಟ್ಟಿ ಎತ್ತಿಕೊಂಡು, "ಇನ್ನು ದೊಡ್ಡವಳದ್ದು ತೋರಿಸಿ. ಬದುಕಿದ್ದಿದ್ರೆ ಇವಳು ಕೇಳಿಯೇ ದಾಟಬೇಕಿತ್ತು. ತೀರಿಕೊಂಡಿದ್ರೇನು, ಕೇಳೋದು ಕೇಳಲೇಬೇಕು" ಅಂದರು.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮುಂದೆ ನಡೆದರು. ಸಂಪಿಗೆ ಮರದ ಆಚೆ, ಹೆಸರಿನ ಹಲಗೆ ಗೆದ್ದಲು ತಿಂದುಹೋದ ಒಂದು ಸಮಾಧಿಯ ಮುಂದೆ ನಿಂತು "ಇದೇ" ಅಂದರು.

ನಾನು ಕೂತೆ ಬು. ಯಾರದೋ ಸಮಾಧಿಯ ಮೇಲೆ ಗುಲಾಬಿ ದಳ ಸುರಿದು, "ಅಕ್ಕಾ, ನಿನ್ನನ್ನು ದಾಟಿ ಹೋಗ್ತಿದ್ದೀನಿ, ಒಪ್ಪಿಗೆ ಕೊಡು" ಅಂದೆ. ಅತ್ತೆಯಾಗುವವರು ನನ್ನ ಬೆನ್ನು ಸವರಿದರು, ಅವರ ಕಣ್ಣಲ್ಲಿ ನೀರು. ಅಷ್ಟು ಒಳ್ಳೆಯ ಹೆಂಗಸು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಮ್ಮಮ್ಮ ಹೇಳಿದ್ದು ಒಂದೇ ಸುಳ್ಳು, ಅದೇ ನೂರು ಹಡೆಯುತ್ತಿದೆ. ಮನೆಗೆ ಬಂದು ಜಗಳವಾಡಿದೆ. ಅಮ್ಮ ಸೊಪ್ಪು ಸೋಸುತ್ತಾ, "ನಿನ್ನ ಮದುವೆ ಆದ್ಮೇಲೆ ನಾನು ಸತ್ತರೆ ಆಯ್ತಲ್ಲ, ಎಲ್ಲ ಲೆಕ್ಕ ಚುಕ್ತಾ" ಅಂದರು.

ಜೀವಂತ ಇರುವವಳನ್ನು ಕೇಳದೆ ನಾನು ಮಂಟಪಕ್ಕೆ ಹೋಗಲಾರೆ. ಬರುತ್ತೇನೆ. ಅಮ್ಮನಿಗೆ ತಿಳಿಯಬಾರದು.

ಯಾಯುಕ್


ಆಸ್ಪತ್ರೆಯ ವಸತಿ
೨೫ ಏಪ್ರಿಲ್ ೧೯೯೫

ಬಾ ಮಗಳೇ. ಭಾನುವಾರ ಬೆಳಿಗ್ಗೆ ಭೇಟಿಯ ಹೊತ್ತು. ದಾರ್ಸಿಗೆ ಹುರಿದ ಸೋಯಾ ತೆಂಪೆ ಇಷ್ಟವಂತೆ, ಇಲ್ಲಿಯದು ಚಪ್ಪಲಿ ಅಟ್ಟೆ ಇದ್ದಂಗಿರುತ್ತದೆ. ಸಮಾಧಿಯ ವಿಷಯ ನಾನು ಎತ್ತುವುದಿಲ್ಲ.

ಸುಮಿರಾ


ಗೊಂಬೊಂಗ್
೮ ಮೇ ೧೯೯೫

ಬು,

ಎರಡು ಭಾನುವಾರ ಬಂದುಹೋದೆ, ನೀವೇ ನೋಡಿದಿರಿ. ಮೊದಲ ಸಲ ಕಾಲಿಗೆ ಬಿದ್ದು ಕೇಳಿದೆ. ಅಕ್ಕ ತೆಂಪೆ ತಿಂದು, ಬೆರಳು ಒರೆಸಿಕೊಂಡು, "ಯೋಚನೆ ಮಾಡ್ಬೇಕು. ಮುಂದಿನ ವಾರ ಬಾ" ಅಂದಳು. ಹೋಗಲಿ ಅಂದುಕೊಂಡೆ. ನಿನ್ನೆ ಮತ್ತೆ ಬಿದ್ದೆ. ನನ್ನ ಜಡೆ ಹಿಡಿದು ನೋಡಿ, "ಕೂದಲು ಉದುರಿದೆಯಲ್ಲೇ, ಎಣ್ಣೆ ಹಾಕಲ್ವಾ?" ಅಂದಳು. ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಸುಗೆಂಗ್‌ಗೆ ಗೊರಕೆ ಉಂಟಾ, ಅತ್ತೆ ಜೋರಾ, ಎಲ್ಲ ಕೇಳಿದಳು. ಹೊರಡುವ ಹೊತ್ತಿಗೆ, "ಇನ್ನೂ ಯೋಚನೆ ಮುಗಿದಿಲ್ಲ" ಅಂದಳು.

ಒಂದೊಂದು ಸಲಕ್ಕೂ ಮೂರು ಬಸ್ಸು ಬದಲಾಯಿಸಬೇಕು. ಅಮ್ಮನಿಗೆ ಶಾಲೆಯ ಕೆಲಸ ಅಂತ ಸುಳ್ಳು ಹೇಳಬೇಕು. ಮದುವೆಗೆ ಎರಡು ವಾರವೂ ಇಲ್ಲ. ನನ್ನನ್ನು ಆಟ ಆಡಿಸುತ್ತಿದ್ದಾಳಾ? ನಿಮಗಾದರೂ ಅವಳ ಮನಸ್ಸು ಗೊತ್ತಾ? ನನಗೆ ಸಿಟ್ಟು ಬಂದಿದೆ. ಬಸ್ಸಿನಲ್ಲಿ ತಲೆ ಮುಟ್ಟಿ ನೋಡಿಕೊಂಡರೆ ಎಣ್ಣೆ ವಾಸನೆ, ಅದಕ್ಕೆ ಅಳುವೂ ಬಂತು.

ಯಾಯುಕ್


ಆಸ್ಪತ್ರೆಯ ವಸತಿ
೧೭ ಸೆಪ್ಟೆಂಬರ್ ೧೯೯೫

ಯಾಯುಕ್,

ನಿನ್ನ ಮದುವೆಯಾಗಿ ನಾಲ್ಕು ತಿಂಗಳು. ನಾನು ಬರೆದ ಮೂರು ಪತ್ರಕ್ಕೆ ಉತ್ತರವಿಲ್ಲ. ಶಾಲೆಯಿಂದ ಗಂಡನ ಊರಿಗೆ ಕಳಿಸಿದ್ದಾರೋ, ಒಲೆಗೆ ಹಾಕಿದ್ದಾರೋ ತಿಳಿಯದು. ಇದನ್ನು ಗಂಡನ ಮನೆಗೇ ಹಾಕುತ್ತಿದ್ದೇನೆ. ಯಾರು ಓದಿದರೂ ಓದಲಿ, ನನಗೆ ಮುಚ್ಚಿಡುವ ವ್ಯವಧಾನ ಉಳಿದಿಲ್ಲ.

ಮೂರನೆಯ ಭಾನುವಾರ ನಾನು ಪಕ್ಕದಲ್ಲೇ ಇದ್ದೆ. ಅವಳು ನಿನ್ನ ತಲೆಯ ಮೇಲೆ ಕೈ ಇಟ್ಟು "ಕೊಟ್ಟೆ, ಹೋಗು" ಅಂದಳು. ಏನು ಬೇಕು ಅಂತ ನೀನು ಕೇಳಿದೆ. "ಮನೆಗೆ ಬರ್ಬೇಕು" ಅಂದಳು. "ಮದುವೆ ಒಂದು ಆಗಲಿ ಅಕ್ಕ, ಬಂದು ಕರ್ಕೊಂಡು ಹೋಗ್ತೀನಿ" ಅಂತ ನೀನು ಅಂದೆ. ನನ್ನ ಎರಡು ಕಿವಿಯಲ್ಲಿ ಕೇಳಿದ್ದೇನೆ.

ಆಮೇಲೆ ಪ್ರತಿ ಭಾನುವಾರವೂ ಗೇಟಿಗೆ ಹೋದಳು. ಈಚೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ಯಾಕೆ ಅಂತ ಕೇಳಿಬಿಟ್ಟೆ. ಏನಂದಳು ಗೊತ್ತಾ? "ಬೇಗ ಒಪ್ಪಿಗೆ ಕೊಟ್ಟು ಕೆಟ್ಟೆ ಬು. ಕೊಡದೆ ಇದ್ದಿದ್ರೆ ಇನ್ನೂ ಬರ್ತಿದ್ಲು."

ಇವಳು ಆಟ ಆಡಿಸುತ್ತಿದ್ದಾಳಾ ಅಂತ ನೀನು ನನ್ನನ್ನು ಕೇಳಿದ್ದೆ. ಇದೇ ಉತ್ತರ.

ಕಳೆದ ವಾರ ಇಲ್ಲಿ ಪ್ರದರ್ಶನ ಆಯಿತು. ದೊಡ್ಡ ಅಧಿಕಾರಿಯೊಬ್ಬರು ಬಂದು ದಾರ್ಸಿಯ ಬಟ್ಟೆಯ ಮುಂದೆ ನಿಂತು, "ಅರೆರೆ, ಹುಚ್ಚರು ಮಾಡಿದ್ದು ಅಂತ ಗೊತ್ತೇ ಆಗಲ್ಲ" ಅಂತ ಹೊಗಳಿದರು. ದಾರ್ಸಿ ಅಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ರೋಗಿಗಳ ಮಾನಕ್ಕೆ ಕುಂದು ಬರಬಾರದು ಅಂತ ಚೀಟಿಯಲ್ಲಿ ಪೂರ್ತಿ ಹೆಸರು ಹಾಕಿರಲಿಲ್ಲ, ಬರೀ 'ದಾ' ಅಂತ ಇತ್ತು. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ತಿಂಗಳು ಇಲ್ಲಿ ನಾನೇನು ಮಾಡಿದೆ? ಹಲ್ಲಿರುವ ಸೂರ್ಯನನ್ನೂ ಬರೆದುಕೊಟ್ಟೆ. ಸುಸ್ತಾಗಿದೆ ಕಣೇ. ಅಕ್ಟೋಬರ್ ಕೊನೆಗೆ ನಾನು ಹೊರಡುತ್ತೇನೆ. ಒಲೆಯೂ ನನ್ನ ಜೊತೆಗೇ ಹೋಗುತ್ತದೆ. ಆಮೇಲೆ ಅವಳ ಪಕ್ಕದಲ್ಲಿ ಕೂರುವುದಕ್ಕೆ ಯಾರೂ ಇಲ್ಲ.

ಬೇಡಿಕೊಳ್ಳುತ್ತಿಲ್ಲ. ತಿಳಿಸಿದೆ.

ಸುಮಿರಾ


ಗೊಂಬೊಂಗ್, ಅಮ್ಮನ ಮನೆ
೬ ಅಕ್ಟೋಬರ್ ೧೯೯೫

ಬು,

ವಿಳಾಸ ನೋಡಿದರೆ ನಿಮಗೇ ತಿಳಿಯುತ್ತದೆ. ನಿಮ್ಮ ಪತ್ರವನ್ನು ಯಾರೂ ಒಡೆದಿರಲಿಲ್ಲ. ಅತ್ತೆ ತಂದು ನನ್ನ ಕೈಗೇ ಕೊಟ್ಟರು. ಮೊದಲಿನ ಮೂರೂ ನನಗೆ ಸಿಕ್ಕಿದ್ದವು. ಓದಿ ಅಕ್ಕಿಡಬ್ಬದ ಹಿಂದೆ ಇಟ್ಟಿದ್ದೆ.

ಅತ್ತೆಗೆ ಒಂದು ಅಭ್ಯಾಸ. ಪ್ರತಿ ಗುರುವಾರ ಸಂಜೆ ಸಮಾಧಿಗಳಿಗೆ ಹೋಗುತ್ತಾರೆ. ಮದುವೆಯಾದ ಮೇಲೆ ನನ್ನಕ್ಕನದ್ದನ್ನೂ ಸೇರಿಸಿಕೊಂಡರು. "ಹುಡುಗಿ ಮದುವೆ ಕಾಣದೆ ಹೋದ್ಲು, ಯಾರು ನೋಡ್ಕೋತಾರೆ" ಅಂತ ಅಷ್ಟು ದೂರ ಬಸ್ಸಲ್ಲಿ ಬಂದು ಕಳೆ ಕಿತ್ತು, ಹೊಸ ಹಲಗೆ ಮಾಡಿಸಿ ನೆಟ್ಟರು. ಹಲಗೆಯ ಮೇಲೆ ಅಕ್ಕನ ಪೂರ್ತಿ ಹೆಸರು ಬರೆಸಿದರು. ನಾನು ಪಕ್ಕದಲ್ಲಿ ನಿಂತು ಎಲ್ಲ ನೋಡಿದೆ.

ನಿಮ್ಮ ಪತ್ರ ಬಂದ ವಾರ ಅಲ್ಲಿ ಅತ್ತೆ ಚಾಪೆ ಹಾಸಿ ಪ್ರಾರ್ಥನೆ ಶುರು ಮಾಡಿದಾಗ ನನ್ನ ಕೈಲಿ ಆಗಲಿಲ್ಲ. "ಅತ್ತೆ, ಇದು ನನ್ನಕ್ಕನದ್ದಲ್ಲ" ಅಂದೆ.

"ಮತ್ತೆ ಯಾರದ್ದು?"

"ಗೊತ್ತಿಲ್ಲ. ಅಕ್ಕ ಬದುಕಿದ್ದಾಳೆ. ಆಸ್ಪತ್ರೇಲಿದ್ದಾಳೆ, ಮಾನಸಿಕ ಆಸ್ಪತ್ರೇಲಿ."

ಅತ್ತೆ ಶುರು ಮಾಡಿದ್ದ ಪ್ರಾರ್ಥನೆಯನ್ನು ಆ ಯಾರೋ ಒಬ್ಬರಿಗಾಗಿ ಮುಗಿಸಿದರು. ಹಲಗೆ ಕೀಳಲು ನೋಡಿದರು, ಬರಲಿಲ್ಲ, ನಾನೂ ಕೈ ಹಾಕಿದೆ. ಆಮೇಲೆ ಹೇಳಿದರು, "ಹುಚ್ಚು ಯಾರ ಮನೇಲಿಲ್ಲ? ನನ್ನ ತಮ್ಮನಿಗೂ ಇತ್ತು. ಆದ್ರೆ ಬದುಕಿರೋಳನ್ನ ಹೂತುಬಿಟ್ರಲ್ಲೇ! ನನ್ನ ಕೈಲಿ ಅವಳಿಗೆ ಸತ್ತವರ ಪ್ರಾರ್ಥನೆ ಓದಿಸಿದ್ರಲ್ಲೇ! ಅಮ್ಮನ ಮನೆಗೆ ಹೋಗು. ಅವಳನ್ನ ಮೇಲೆ ಎಬ್ಬಿಸಿ, ಆಮೇಲೆ ಬಾ." ಸುಗೆಂಗ್ ಗೇಟಿನವರೆಗೆ ಬಂದರು, ಅದರಾಚೆ ಬರಲಿಲ್ಲ.

ಅಮ್ಮ ಸಹಿ ಹಾಕುವುದಿಲ್ಲ ಅನ್ನುತ್ತಿದ್ದಾರೆ. "ನಿನ್ನ ಸಂಸಾರ ಮುರಿದಳು, ಇನ್ನು ಮನೆಯನ್ನೂ ಮುರೀತಾಳೆ" ಅಂತಾರೆ. ನನ್ನ ಸಹಿ ನಡೆಯುತ್ತದಾ? ಡಾಕ್ಟರನ್ನು ಕೇಳಿ.

ಯಾಯುಕ್


ಆಸ್ಪತ್ರೆಯ ವಸತಿ
೧೪ ಅಕ್ಟೋಬರ್ ೧೯೯೫

ನಡೆಯುತ್ತದಂತೆ. ಒಡಹುಟ್ಟಿದವಳು, ವಯಸ್ಸಿಗೆ ಬಂದವಳು, ಅಷ್ಟು ಸಾಕಂತೆ. ಇಷ್ಟು ವರ್ಷ ಇದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ, ನೋಡು.

ಬರುವ ಭಾನುವಾರವೇ ಬಾ. ಅವಳಿಗೆ ಇನ್ನೂ ಹೇಳಿಲ್ಲ. ನೀನು ಗೇಟಿನೊಳಗೆ ಕಾಲಿಟ್ಟ ಮೇಲೆಯೇ ಹೇಳುತ್ತೇನೆ. ಇನ್ನೊಂದು ಸಲ ಕಾಯುವ ಶಕ್ತಿ ಅವಳಿಗಿದೆಯೋ ಏನೋ, ನನಗಂತೂ ಇಲ್ಲ.

ಸುಮಿರಾ


ಗೊಂಬೊಂಗ್
೨೮ ನವೆಂಬರ್ ೧೯೯೫

ಪ್ರೀತಿಯ ಬು ಸುಮಿರಾ,

ನೀವು ಸೋಲೋಗೆ ಮುಟ್ಟಿ ಸುಧಾರಿಸಿಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಇಲ್ಲಿ ಯಾರೂ ಸುಧಾರಿಸಿಕೊಂಡಿಲ್ಲ.

ಮನೆಗೆ ಬಂದು ತಿಂಗಳಾದರೂ ಅಕ್ಕ ಆಸ್ಪತ್ರೆಯ ಹೊತ್ತಿಗೇ ಏಳುತ್ತಾಳೆ. ಚಾಪೆ ಮಡಿಸಿಟ್ಟು, ಬಾಗಿಲ ಮುಂದೆ ಕೂತು, ಯಾರಾದರೂ ಬಂದು ತೆಗೆಯಲಿ ಅಂತ ಕಾಯುತ್ತಾಳೆ. "ಅಕ್ಕ, ತಳ್ಳಿದ್ರೆ ತೆಗೆಯತ್ತೆ" ಅಂತ ದಿನಾ ಹೇಳುತ್ತೇನೆ. "ಹೌದಲ್ವಾ" ಅಂತಾಳೆ. ಮಾತ್ರೆ ತಾನೇ ಕೇಳಿ ತಗೊಳ್ಳುತ್ತಾಳೆ. ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಕೂತು ಅತ್ತಳು. ನಾನು ಶಾಲೆ ಬಿಟ್ಟ ತಕ್ಷಣ ಓಡಿ ಬರುತ್ತೇನೆ. ಬಂದಾಗ ಇಬ್ಬರೂ ಇದ್ದಾರೆ, ಮನೆಯೂ ಇದೆ, ಅಂದರೆ ಸಾಕು ಅನ್ನಿಸುತ್ತದೆ.

ಅಮ್ಮ ಅವಳ ತಟ್ಟೆಗೆ ಬಡಿಸುತ್ತಾರೆ, ಮುಖ ನೋಡುವುದಿಲ್ಲ. ನೋಡಲು ಬಂದ ಅಕ್ಕಪಕ್ಕದವರನ್ನು ಕಂಡು ಕಿಟಕಿ ಹಾಕಿಕೊಳ್ಳುತ್ತಾರೆ. "ಅಮ್ಮ ನನ್ನ ಹೆಸರು ಮರೆತ್ರಾ?" ಅಂತ ಅಕ್ಕ ನನ್ನನ್ನು ಕೇಳಿದಳು. ಇಲ್ಲ ಅಂದೆ. ಅಕ್ಕನಿಗೆ ಆ ಸಮಾಧಿಯ ವಿಷಯವನ್ನೂ ಹೇಳಿದೆ ಬು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು. ಅವಳು "ಅಮ್ಮ ಒಬ್ರೇ ಹೋಗಿ ತೋರಿಸಿದ್ರಾ? ಅಳಲಿಲ್ವಾ?" ಅಂದಳು. ನಾನು ಅವರ ಮುಖ ಸರಿಯಾಗಿ ನೋಡಿರಲಿಲ್ಲ, ಹಾಗೇ ಹೇಳಿದೆ.

ನಿನ್ನೆ ಅತ್ತೆ ಬಂದರು. ಹೇಳಿ ಕಳಿಸಿರಲಿಲ್ಲ. ಸುಗೆಂಗ್ ಸ್ಕೂಟರ್ ನಿಲ್ಲಿಸಿ ಅಂಗಳದಲ್ಲೇ ಉಳಿದರು. ಅಮ್ಮ ಗಡಬಡಿಸಿ ಎದ್ದರು. ಕುರ್ಚಿ ಒರೆಸಿ ಕೂರಿಸಿ, ಎದುರಿಗೆ ತಾವೂ ಕೂತರು. ನಾನು ಒಳಗೆ ಹೋಗಿ ಮಲ್ಲಿಗೆ ಚಹಾ ಮಾಡಿದೆ. ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಅಕ್ಕ "ಕೊಡು, ನನಗೆ ಅಭ್ಯಾಸ" ಅಂತ ತಗೊಂಡು ಹೋಗಿಬಿಟ್ಟಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನನ್ನನ್ನು ಕೇಳಲಿಲ್ಲ, ಅಕ್ಕನನ್ನೂ ಕೇಳಲಿಲ್ಲ. ಅಮ್ಮನ ಕಡೆ ತಿರುಗಿ, "ಇವರು ಯಾರು?" ಅಂದರು. ಎಲ್ಲ ಗೊತ್ತಿದ್ದೂ ಕೇಳಿದರು ಬು.

ಅಮ್ಮ, "ಇವಳು ನಮ್ಮ ದೂರದ..." ಅಂತ ಶುರು ಮಾಡಿದರು. ಬಾಯಿಗೆ ಅದೇ ರೂಢಿ. ಅಕ್ಕ ತಟ್ಟೆ ಇಡಲಿಲ್ಲ, ಕೂರಲಿಲ್ಲ. ಅಮ್ಮನನ್ನೇ ನೋಡುತ್ತಾ ನಿಂತಿದ್ದಳು. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಾತು ಪೂರ್ತಿಯಾಗಿದ್ದರೆ ನಾನು ಇಬ್ಬರನ್ನೂ ಬಿಟ್ಟು ಎಲ್ಲಾದರೂ ಹೋಗಿಬಿಡುತ್ತಿದ್ದೆ, ಸತ್ಯವಾಗಿ.

ಅಮ್ಮ ಎದ್ದು ಅವಳ ಕೈಯಿಂದ ತಟ್ಟೆ ತಗೊಂಡರು.

"ದೊಡ್ಡವಳು," ಅಂದರು. "ನನ್ನ ದಾರ್ಸಿ. ಸತ್ತಿಲ್ಲ."

ಅಕ್ಕ ಹೋಗಿ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು.

ನಿಮ್ಮ,
ಯಾಯುಕ್